ಏಳನೆಯ ಕಂಡಿಯ ಮೂಸ್

ಆ ಚಳಿಗಾಲ ಪೂರ್ತಿ ನಾನು ಮಧ್ಯಾಹ್ನದ ಊಟವನ್ನು ಹನ್ನೆರಡಕ್ಕೆ ಮೊದಲೇ ಮುಗಿಸಿಬಿಡುತ್ತಿದ್ದೆ. ನಮ್ಮಲ್ಲಿ ಹನ್ನೆರಡೂವರೆಯಾದಾಗ ಯುರೋಪಿನ ಉತ್ತರದ ತುದಿಯಲ್ಲಿ ಬೆಳಕು ಹರಿಯಲು ಶುರುವಾಗುತ್ತಿತ್ತು. ಮೂಸ್ ಎಂಬ ಕಾಡುಪ್ರಾಣಿಗಳು ರಸ್ತೆಗೆ ಬರುತ್ತಿದ್ದುದೂ ಆ ಹೊತ್ತಿಗೇ. ಅಲ್ಲಿಂದ ಎರಡೂವರೆಯ ತನಕ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದೆ.

ಆಫೀಸು ಇದ್ದದ್ದು ಬಿಟಿಎಂ ಎರಡನೇ ಹಂತದಲ್ಲಿ, ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ. ನಮ್ಮ ಕೆಲಸ ಇಷ್ಟು: ಅಲ್ಲಿಯ ಒಂದು ಹೆದ್ದಾರಿಯ ಎರಡೂ ಬದಿಗೆ ಪ್ರಾಣಿಗಳು ನುಗ್ಗದಂತೆ ಎತ್ತರದ ತಂತಿಬೇಲಿ ಹಾಕಿದ್ದರು. ಅವು ದಾಟಿಕೊಳ್ಳಲೆಂದು ಬೇಲಿಯಲ್ಲಿ ಹನ್ನೊಂದು ಕಡೆ ಕಂಡಿ ಬಿಟ್ಟಿದ್ದರು. ಪ್ರತಿ ಕಂಡಿಗೂ ಒಂದು ಕ್ಯಾಮೆರಾ. ಪ್ರಾಣಿ ಕಂಡರೆ ರಸ್ತೆಯ ಬದಿಯ ಎಚ್ಚರಿಕೆ ಫಲಕ ಹೊತ್ತಿಕೊಂಡು ಮಿನುಗುತ್ತದೆ, ವಾಹನಗಳು ನಿಧಾನವಾಗುತ್ತವೆ. ಕಂಡದ್ದು ಪ್ರಾಣಿಯೋ ಅಲ್ಲವೋ ಎಂಬುದನ್ನು ಕಂಪ್ಯೂಟರೇ ತೀರ್ಮಾನಿಸುತ್ತಿತ್ತು. ಅದಕ್ಕೆ ಅನುಮಾನ ಬಂದ ಚಿತ್ರ ಮಾತ್ರ ನಮ್ಮ ಪರದೆಗೆ ಬರುತ್ತಿತ್ತು. ಇಪ್ಪತ್ತು ಸೆಕೆಂಡಿನೊಳಗೆ ನಾವು ‘ಹೌದು’ ಅಥವಾ ‘ಇಲ್ಲ’ ಒತ್ತಬೇಕು. ಏನೂ ಒತ್ತದಿದ್ದರೆ ‘ಇಲ್ಲ’ ಎಂದೇ ಅರ್ಥ. ಇದು ಪ್ರಯೋಗದ ಹಂತ, ಒಂದು ಚಳಿಗಾಲದ ಮಟ್ಟಿಗೆ.

ನಾನು ಅಲ್ಲಿಗೆ ಸೇರುವ ಮೊದಲು ಪದ್ಮನಾಭನಗರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರದ ಟ್ಯೂಷನ್ ಹೇಳುತ್ತಿದ್ದವಳು. ಹಾಗಾಗಿ ಪ್ರಾಣಿಯ ಬಗ್ಗೆ ಉಳಿದವರಿಗೆ ಹೇಳಿಕೊಡುವ ಹೊಣೆ ನನ್ನದಾಯಿತು. ನಮ್ಮ ತಂಡದಲ್ಲಿ ಐದು ಜನ. ನನ್ನ ಪಕ್ಕದ ಕುರ್ಚಿಯವರು ಐವತ್ತು ದಾಟಿದ ಡ್ರಾಫ್ಟ್ಸ್‌ಮನ್. ಮನೆ ನಕ್ಷೆ ಬರೆದು ಬರೆದು ಕಣ್ಣು ಹರಿತವಾಗಿದ್ದ ಮನುಷ್ಯ. ಮೂಸ್ ಎಂಬ ಹೆಸರು ಕೇಳಿದ ದಿನವೇ ಅವರು, “ಮೂಗು ನೋಡಿ ಮೇಡಂ ಅದರದ್ದು. ಮೂಸೋಕೇ ಹುಟ್ಟಿರೋ ಥರ ಇದೆ. ಸರಿಯಾಗೇ ಹೆಸರಿಟ್ಟಿದ್ದಾರೆ,” ಎಂದು ನಗಿಸಿದ್ದರು.

ನಗು ಹೋದದ್ದು ಅದರ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿದಾಗ. ನಮ್ಮ ಕಡವೆಯೂ ಮೂಸ್ ಕೂಡ ಒಂದೇ ಜಿಂಕೆ ಕುಟುಂಬದವು. ಆ ಕುಟುಂಬದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ದೊಡ್ಡ ಗಂಡು ಮೂಸ್‌ನ ಭುಜ ಎರಡು ಮೀಟರಿನ ಹತ್ತಿರಕ್ಕೆ ಬರುತ್ತದೆ. ಡ್ರಾಫ್ಟ್ಸ್‌ಮನ್ ಟೇಪು ಹಿಡಿದು ಅಳೆದು ಬಾಗಿಲ ಚೌಕಟ್ಟಿಗೆ ಕೆಂಪು ಪಟ್ಟಿ ಅಂಟಿಸಿದರು. ಅದು ಚೌಕಟ್ಟಿನ ಮೇಲಂಚಿನ ಸ್ವಲ್ಪ ಕೆಳಗೆ ನಿಂತಿತು. ಅದು ಬರೀ ಭುಜ. ಕತ್ತು, ತಲೆ ಅದಕ್ಕಿಂತ ಮೇಲೆ. ಆ ಪಟ್ಟಿಯ ಕೆಳಗೆ ನಿಂತು ನಾನು ಹೇಳಿದೆ, “ಕಾಲೇ ಒಂದು ಮೀಟರು ಉದ್ದ. ಕಾರು ಗುದ್ದಿದರೆ ಕಾಲಿಗೆ ಗುದ್ದುತ್ತೆ. ಮೇಲಿನ ನಾನೂರು ಐನೂರು ಕೆಜಿ ದೇಹ ಬಾನೆಟ್ ಮೇಲೆ ಜಾರಿ ನೇರ ಮುಂದಿನ ಗಾಜಿಗೆ ಬರುತ್ತೆ.” ಹೆಡ್‌ಲೈಟಿನ ಬೆಳಕು ಬೀಳುವುದೂ ಕಾಲಿಗಷ್ಟೇ. ಕಣ್ಣು ಬೆಳಕಿಗಿಂತ ಮೇಲಿರುವುದರಿಂದ ಹೊಳೆಯುವುದಿಲ್ಲ. ಕಪ್ಪುಕಂದು ಮೈ ಮಬ್ಬಿನಲ್ಲಿ ಕರಗಿಹೋಗುತ್ತದೆ. ಸಾಲದ್ದಕ್ಕೆ, ಮೂಸ್ ಜಿಂಕೆಯ ಹಾಗೆ ಬೆದರಿ ಓಡುವ ಪ್ರಾಣಿಯಲ್ಲ. ತೋಳಗಳನ್ನು ನಿಂತು ಎದುರಿಸಿ ಬದುಕಿಬಂದ ಜಾತಿ ಅದು. ಲಾರಿಯನ್ನೂ ಹಾಗೇ ನಿಂತು ನೋಡುತ್ತದೆ.

ಜನವರಿಯ ಎರಡನೆಯ ವಾರ ಡ್ರಾಫ್ಟ್ಸ್‌ಮನ್ ಪರದೆಗೆ ಒಂದು ಚಿತ್ರ ಬಂತು. ಬೆಳ್ಳಗಿನ ಹಿಮ, ಅದರಲ್ಲಿ ತೆಳು ಬಣ್ಣದ ಬರ್ಚ್ ಮರದ ಕಾಂಡಗಳು. ಅವರು ಕಣ್ಣು ಕಿರಿದು ಮಾಡಿ ನೋಡಿದರು, ‘ಇಲ್ಲ’ ಒತ್ತಿದರು. ನಾನೂ ವಾರೆಗಣ್ಣಲ್ಲಿ ನೋಡಿದ್ದೆ. ನಾನಾಗಿದ್ದರೂ ‘ಇಲ್ಲ’ ಎಂದೇ ಒತ್ತುತ್ತಿದ್ದೆ.

ಸಂಜೆ ಐದರ ಹೊತ್ತಿಗೆ ಅಲ್ಲಿಯ ರಸ್ತೆ ಇಂಜಿನಿಯರ್ ಫೋನ್ ಮಾಡಿದರು. ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಇಂಗ್ಲಿಷ್ ಮಾತಾಡುವ ಹೆಂಗಸು. ನಾಲ್ಕನೆಯ ಕಂಡಿಯಲ್ಲಿ ಒಂದು ವ್ಯಾನು ಮೂಸ್‌ಗೆ ಗುದ್ದಿತ್ತು. ಮೂಸ್ ಸತ್ತಿತ್ತು. ಓಡಿಸುತ್ತಿದ್ದವನ ಕತ್ತಿನ ಮೂಳೆ ಮುರಿದಿತ್ತು. ಜೀವ ಉಳಿಯಬಹುದು ಎಂದಿದ್ದರು ಡಾಕ್ಟರು. ಆಕೆ ಬೈಯಲಿಲ್ಲ. “ಚಿತ್ರವನ್ನು ಇನ್ನೊಮ್ಮೆ ನೋಡಿ,” ಎಂದರು, ಅಷ್ಟೇ.

ನೋಡಿದೆವು. ಆ ಕಾಂಡಗಳಲ್ಲಿ ನಾಲ್ಕು ಕಾಂಡಗಳೇ ಆಗಿರಲಿಲ್ಲ. ಕ್ಯಾಮೆರಾವನ್ನು ಚಿಕ್ಕ ಜಿಂಕೆಗಳ ಎತ್ತರಕ್ಕೆ ಹೊಂದಿಸಿ ಕೆಳಮುಖ ಮಾಡಿದ್ದರಿಂದ ದೇಹ ಚಿತ್ರದ ಆಚೆಗೆ ಹೋಗಿತ್ತು. ಕಂಡದ್ದು ಬೂದು ಬಿಳಿ ಕಾಲುಗಳು ಮಾತ್ರ.

ಡ್ರಾಫ್ಟ್ಸ್‌ಮನ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. “ನಲವತ್ತು ಇಂಚಿನ ಕಾಲು ಮೇಡಂ. ನಾನೇ ಟೇಪ್ ಹಿಡಿದು ಅಳೆದಿದ್ದೆ. ನಾನೇ,” ಎಂದರು. ಎರಡು ದಿನ ಕೆಲಸಕ್ಕೆ ಬರಲಿಲ್ಲ. ಬಂದ ಮೇಲೆ ಪರದೆಗೆ ಏನು ಬಂದರೂ ‘ಹೌದು’ ಒತ್ತತೊಡಗಿದರು. ಮರಕ್ಕೆ ಹೌದು, ಪೊದೆಗೆ ಹೌದು, ಕ್ಯಾಮೆರಾದ ಗಾಜಿಗೆ ಅಂಟಿದ ಹಿಮಕ್ಕೂ ಹೌದು.

ನನ್ನ ಹೆದರಿಕೆ ಬೇರೆ ಥರದ್ದು. ಮನೆಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ನಾನು ‘ಇಲ್ಲ’ ಎಂದಿದ್ದ ಚಿತ್ರಗಳು ಸಾಲಾಗಿ ಬರುತ್ತಿದ್ದವು. ಯಾವುದರಲ್ಲಿ ಏನಿತ್ತೋ.

ಹೆದರಿಕೊಂಡು ಕೂತರೆ ಆಗುವುದಿಲ್ಲವೆಂದು ಹಿಂದಿನ ಎರಡು ತಿಂಗಳ ಚಿತ್ರಗಳನ್ನೆಲ್ಲ ತೆಗೆಸಿದೆ. ಕಾಲು ಮಾತ್ರ ಕಂಡವನ್ನು ಒಂದು ಕಡೆ, ಬರೀ ಮರಗಳನ್ನು ಇನ್ನೊಂದು ಕಡೆ ಇಟ್ಟು ಬೆಳಗಿನ ಹೊತ್ತೆಲ್ಲ ನೋಡಿದೆ. ಬಣ್ಣ ನಂಬುವಂತಿರಲಿಲ್ಲ, ನೆರಳೂ ನಂಬುವಂತಿರಲಿಲ್ಲ. ನಾಲ್ಕನೆಯ ದಿನ ಗೊತ್ತಾಯಿತು. ಮರ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ. ಮೂಸ್‌ನ ಕಾಲು ಬುಡದಲ್ಲಿ ಸಣ್ಣ, ಮೇಲೆ ಹೋದಂತೆ ದಪ್ಪ. ಇಷ್ಟೇ. ಇದನ್ನು ಮೊದಲೇ ಕಾಣದೆ ಹೋದೆನಲ್ಲ ಎಂದು ನಾಚಿಕೆಯಾಯಿತು. ಎಲ್ಲರನ್ನೂ ಕೂರಿಸಿ ತೋರಿಸಿದೆ. ಡ್ರಾಫ್ಟ್ಸ್‌ಮನ್ ತುಂಬ ಹೊತ್ತು ನೋಡಿ, “ಪಿಲ್ಲರ್ ತಲೆಕೆಳಗು ಮಾಡಿದ ಹಾಗೆ,” ಎಂದರು. ಆದರೂ ಆಗಿಂದಾಗ ಚಿತ್ರ ಬರುವ ಲೈವ್ ಮೇಜಿಗೆ ಕೂರಲು ಒಪ್ಪಲಿಲ್ಲ. ಕ್ಯಾಮೆರಾಗಳನ್ನು ಮೇಲೆತ್ತಿ ಎಂದು ಬರೆದೆವು. ತಿರುಪುಗಳು ಹಿಮದಲ್ಲಿ ಕಚ್ಚಿಕೊಂಡಿವೆ, ಒಂದೊಂದಾಗಿ ಮಾಡುತ್ತೇವೆ ಎಂದು ಉತ್ತರ ಬಂತು.

ಅಷ್ಟರಲ್ಲಿ ಇನ್ನೊಂದು ತೊಂದರೆ. ಸುಳ್ಳು ಎಚ್ಚರಿಕೆ ಜಾಸ್ತಿಯಾಗಿ ಅಲ್ಲಿಯ ಚಾಲಕರು ಫಲಕಕ್ಕೆ ಮರ್ಯಾದೆ ಕೊಡುವುದನ್ನೇ ಬಿಡುತ್ತಿದ್ದಾರೆ ಎಂದು ದೂರು ಬಂತು. ಹೊಸ ನಿಯಮ ಬಂತು: ಪ್ರಾಣಿ ಚಿತ್ರದಿಂದ ಆಚೆ ಹೋದ ಮೂರು ನಿಮಿಷಕ್ಕೆ ಫಲಕ ಆರಬೇಕು. ಖಾಲಿ ಚಿತ್ರಕ್ಕೆ ‘ಹೌದು’ ಒತ್ತಿದರೆ ಅದು ತಂಡದ ತಪ್ಪೆಂದು ದಾಖಲಾಗುತ್ತದೆ. ಇಂಜಿನಿಯರ್ ಎತ್ತುವ ತುರ್ತು ಫೋನ್ ನಂಬರು ಅಪಘಾತ ಕಣ್ಣಾರೆ ಕಂಡಾಗ ಮಾತ್ರ.

ನಮ್ಮ ಮ್ಯಾನೇಜರ್ ನನಗಿಂತ ಹತ್ತು ವರ್ಷ ಚಿಕ್ಕವನು, ಒಳ್ಳೆಯವನು. “ಮೇಡಂ, ಇನ್ನೊಂದು ಸಲ ಎಡವಿದ್ರೆ ಪ್ರಾಜೆಕ್ಟ್ ಹೋಗುತ್ತೆ. ಪ್ಲೀಸ್, ರೂಲ್ ಹೇಗಿದ್ಯೋ ಹಾಗೆ,” ಎಂದು ಕೇಳಿಕೊಂಡ.

ಆಮೇಲಿನ ಸೋಮವಾರ, ಮಧ್ಯಾಹ್ನ ಒಂದು ಗಂಟೆ. ಏಳನೆಯ ಕಂಡಿಗೆ ಒಂದು ದೊಡ್ಡ ಮೂಸ್ ಬಂತು. ಈ ಕ್ಯಾಮೆರಾವನ್ನು ಆಗಲೇ ಮೇಲೆತ್ತಿದ್ದರು, ಹಾಗಾಗಿ ಇಡೀ ಪ್ರಾಣಿ ಕಂಡಿತು. ಕೊಂಬಿರಲಿಲ್ಲ. ಆ ಕಾಲದಲ್ಲಿ ಗಂಡಿಗೂ ಕೊಂಬು ಉದುರಿರುತ್ತದೆ. ಕೊಂಬಿಲ್ಲವೆಂದು ಹೆಣ್ಣೆನ್ನಲು ಬರುವುದಿಲ್ಲ. ಆದರೆ ಹಿಂದೆಯೇ ಕರು ಬಂತು. ಎಂಟು ತಿಂಗಳ ಕರು, ನಮ್ಮ ಎಳೆಗುದುರೆಯಷ್ಟು. ಮುಂದಿನ ಹೆರಿಗೆಯ ತನಕ ತಾಯಿ ಕರುವನ್ನು ಬಿಟ್ಟಿರುವುದಿಲ್ಲ. ಆಮೇಲೆ ತಾನೇ ಹೊಡೆದು ಓಡಿಸುತ್ತದೆ.

ಕಂಪ್ಯೂಟರಿಗೆ ಅನುಮಾನವಿರಲಿಲ್ಲ, ಫಲಕ ತಾನೇ ಹೊತ್ತಿತು. ಫಲಕ ಹೊತ್ತಿದ ಕಂಡಿಯ ಚಿತ್ರಗಳು ಎರಡು ಸೆಕೆಂಡಿಗೊಂದರಂತೆ ನಮ್ಮ ಪರದೆಗೂ ಬರುತ್ತಿದ್ದವು. ತಾಯಿ ರಸ್ತೆಯಂಚಿನಲ್ಲಿ ತಲೆ ತಗ್ಗಿಸಿ ಹಿಮ ಕರಗಿಸಲು ಚೆಲ್ಲಿದ ಉಪ್ಪನ್ನು ನೆಕ್ಕಿತು. ಆಮೇಲೆ ನಿಧಾನವಾಗಿ ರಸ್ತೆ ದಾಟಿತು. ಕರು ಹಿಂದೆ ಹೊರಡುವಷ್ಟರಲ್ಲಿ ಒಂದು ಟ್ಯಾಂಕರ್ ಬಂತು. ಫಲಕ ನೋಡಿ ನಿಧಾನ ಮಾಡಿತ್ತಾದರೂ ನಿಲ್ಲಲಿಲ್ಲ. ಕರು ಹಿಂದಕ್ಕೆ ಜಿಗಿದು ಹಿಮದ ದಿಣ್ಣೆಯ ಹಿಂದೆ ಹೋಯಿತು. ಟ್ಯಾಂಕರ್ ದಾಟಿದಾಗ ರಸ್ತೆಯಲ್ಲಿ ಯಾರೂ ಇರಲಿಲ್ಲ. ತಾಯಿ ಆಚೆಯ ಕಾಡಿನಲ್ಲಿ. ಪರದೆಯ ಮೂಲೆಯಲ್ಲಿ ಮೂರು ನಿಮಿಷದ ಗಡಿಯಾರ ಇಳಿಯತೊಡಗಿತು.

ನಾನು ದಿಣ್ಣೆಯನ್ನೇ ದಿಟ್ಟಿಸಿದೆ. ಅದರ ಹಿಂದೆ ಒಂದು ಕಂದು ಚುಕ್ಕೆ. ಕರುವೋ, ಪೊದೆಯೋ, ಕಲ್ಲೋ? ಕರುವಾಗಿದ್ದರೆ ತಾಯಿ ಮರಳಿ ಬರುತ್ತದೆ. ಫಲಕ ಆರಿದ ಮೇಲೆ ಬರುತ್ತದೆ, ವಾಹನಗಳು ಪೂರ್ತಿ ವೇಗದಲ್ಲಿರುವಾಗ ಬರುತ್ತದೆ. ಐದು ಸೆಕೆಂಡು ಉಳಿದಿದ್ದಾಗ, ನಾವಾಗಿಯೇ ತೀರ್ಮಾನಕ್ಕೆ ಚಿತ್ರ ಕೇಳುವ ‘ಚಿತ್ರ ತರಿಸು’ ಗುಂಡಿ ಒತ್ತಿದೆ. ಖಾಲಿ ರಸ್ತೆಯ ಚಿತ್ರ ಬಂತು. ‘ಹೌದು’ ಒತ್ತಿದೆ.

ಮೂರು ನಿಮಿಷಕ್ಕೊಮ್ಮೆ ಹಾಗೇ ಮಾಡುತ್ತ ಹೋದೆ. ಮೂರನೆಯ ಸಲಕ್ಕೆ ಮ್ಯಾನೇಜರ್ ಓಡಿಬಂದ.

“ಮೇಡಂ, ಏನ್ ಮಾಡ್ತಿದೀರಾ? ಖಾಲಿ ಫ್ರೇಮ್ ಇದು. ಅವರಿಗೆ ಕಾಣ್ಸುತ್ತೆ.”

“ಕರು ಈ ಕಡೆ ಉಳಿದಿದೆ.”

“ಎಲ್ಲಿ? ನಂಗೇನೂ ಕಾಣ್ತಿಲ್ವಲ್ಲ.”

ನನಗೂ ಖಚಿತವಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಆ ಕ್ಷಣಕ್ಕೇ ಪರದೆ ಸ್ತಬ್ಧವಾಯಿತು. ‘ಸಂಪರ್ಕ ಕಡಿದಿದೆ’ ಎಂಬ ಸಾಲು ಮೂಡಿತು.

ಕೆಳಗಿನ ಬೀದಿಯಲ್ಲಿ ಬೆಳಗಿನಿಂದ ಚರಂಡಿಗೆಂದು ಅಗೆಯುತ್ತಿದ್ದರು. ಮೆಟ್ಟಿಲಿನಿಂದ ಕಟ್ಟಡದ ಓನರ್ ದನಿ ಕೇಳಿತು. ಈ ಜಾಗ ಹೊಲವಾಗಿದ್ದ ಕಾಲದಿಂದ ಇಲ್ಲೇ ಇರುವ ಹಿರಿಯರು, ಪಂಚೆ ಎತ್ತಿಕಟ್ಟಿ ಏದುಸಿರು ಬಿಡುತ್ತ ಬಂದರು. “ಜೆಸಿಬಿಯೋನು ವೈರ್ ಕಿತ್ತಾಕ್ಬುಟ್ಟ ಕಣಮ್ಮ! ನೆಟ್ಟು ಪಟ್ಟು ಎಲ್ಲಾ ಹೋತು ಅಂತ ಹೇಳನ ಅಂತ ಬಂದೆ.”

ಗೋಡೆ ಗಡಿಯಾರ ನೋಡಿದೆ. ಫಲಕ ಆರಲು ಎರಡು ನಿಮಿಷಕ್ಕಿಂತ ಕಡಿಮೆ. ನನ್ನ ಫೋನಿನಲ್ಲಿ ಸಿಗ್ನಲ್ ಒಂದೇ ಗೆರೆ. ಮೂಲೆಯಲ್ಲಿ ಹಳೆಯ ಚಿತ್ರಗಳಿಗೆ ಗುರುತು ಹಾಕುತ್ತಿದ್ದ ಡ್ರಾಫ್ಟ್ಸ್‌ಮನ್ ಎದ್ದರು. “ಕಿಟಕಿ ಹತ್ರ ನನ್ನದಕ್ಕೆ ಸಿಗುತ್ತೆ,” ಎಂದು ಫೋನನ್ನು ಕಿಟಕಿಯ ಸರಳಿನಿಂದ ಆಚೆ ಚಾಚಿ ಹಿಡಿದರು. “ಹಾಟ್‌ಸ್ಪಾಟ್ ಆನ್ ಮಾಡಿದೀನಿ. ಕನೆಕ್ಟ್ ಮಾಡ್ಕೊಳಿ ಮೇಡಂ.” ಪಾಸ್‌ವರ್ಡ್ ಅವರು ಒಂದೊಂದೇ ಅಕ್ಷರ ಹೇಳಿದರು, ನಾನು ಎರಡು ಸಲ ತಪ್ಪು ಹೊಡೆದೆ. ಮೂರನೆಯ ಸಲಕ್ಕೆ ಪರದೆ ಜೀವ ಪಡೆಯಿತು. ಹನ್ನೊಂದು ಸೆಕೆಂಡು ಉಳಿದಿತ್ತು. ‘ಹೌದು’.

ಓನರ್ ನನ್ನ ಬೆನ್ನ ಹಿಂದೆ ಬಗ್ಗಿ ಪರದೆ ನೋಡುತ್ತಿದ್ದರು. “ಯಾವೂರಮ್ಮ ಇದು? ಕರ ಮಲಗೈತಲ್ಲ ಅಲ್ಲಿ.”

“ಎಲ್ಲಿ ಅಂಕಲ್?”

ಅವರು ಪರದೆಗೆ ಬೆರಳಿಟ್ಟರು. ನಾನು ನೋಡುತ್ತಿದ್ದ ಕಂದು ಚುಕ್ಕೆ ಪೊದೆಯೇ. ಕರು ಅದರ ಎಡಕ್ಕಿತ್ತು. ಬೆನ್ನ ಮೇಲೆ ಹಿಮ ಬಿದ್ದು ದಿಣ್ಣೆಯದೇ ಭಾಗವಾಗಿತ್ತು. “ಕಿವಿ ನೋಡು. ಆಡುಸ್ತಾ ಐತೆ. ತಾಯಿ ಎಲ್ಲೋತು?”

“ರಸ್ತೆ ದಾಟಿ ಆಚೆ ಹೋಗಿದೆ.”

“ಹಂಗಾರೆ ಬತ್ತದೆ. ಬರ್ದೆ ಇರಾಕಿಲ್ಲ.” ಅವರು ಪರದೆಯಿಂದ ಬೆರಳು ತೆಗೆದರು. “ರಿಂಗ್ ರೋಡು ಬಿದ್ದ ಹೊಸದ್ರಲ್ಲಿ ನಮ್ಮೆಮ್ಮೆ ಹಿಂಗೇ ಆಚೆಗೋಗಿ, ಕರ ಕೂಗ್ತು ಅಂತ ಹಿಂದಕ್ ಬಂತು. ಲಾರಿ ನೋಡ್ಲಿಲ್ಲ ಅದು. ಕರುನ್ನೇ ನೋಡ್ತಿತ್ತು.”

ನಾನು ಫಲಕ ಹೊತ್ತಿಸುತ್ತಲೇ ಇದ್ದೆ. ಆದರೆ ಇನ್ನೊಂದು ವಿಷಯ ಕಣ್ಣಿಗೆ ಬೀಳತೊಡಗಿತು. ಮೊದಲಿನ ವಾಹನಗಳು ನಿಧಾನ ಮಾಡಿದ್ದವು. ಈಗ ಬರುವವು ಮಾಡುತ್ತಿರಲಿಲ್ಲ. ಒಂದು ಬಿಳಿ ಕಾರು ಹಿಮ ಚಿಮ್ಮಿಸುತ್ತ ಒಂದು ಚಿತ್ರದಲ್ಲಿ ಈ ಅಂಚಿಗೆ, ಮರುಚಿತ್ರದಲ್ಲಿ ಆ ಅಂಚಿಗೆ ಇತ್ತು. ಅವರಿಗೂ ಎದುರಿಗೆ ಖಾಲಿ ರಸ್ತೆಯೇ ಕಾಣುತ್ತಿತ್ತು. ನನ್ನ ಫಲಕವನ್ನು ಅವರು ನಂಬುತ್ತಿರಲಿಲ್ಲ. ನಾನು ಒತ್ತುತ್ತಿದ್ದ ಗುಂಡಿಯಿಂದ ಇನ್ನು ಏನೂ ಆಗುವಂತಿರಲಿಲ್ಲ.

“ನಾನು ತುರ್ತು ನಂಬರಿಗೆ ಫೋನ್ ಮಾಡ್ತೀನಿ,” ಎಂದೆ.

ಮ್ಯಾನೇಜರ್ ಮುಖ ಒರೆಸಿಕೊಂಡ. “ಆಕ್ಸಿಡೆಂಟ್ ಆಗಿಲ್ಲ ಮೇಡಂ.”

“ಆಗೋಕೆ ಮುಂಚೆ ಮಾಡ್ತಿದೀನಿ.”

ಅವನ ಒಪ್ಪಿಗೆಗೆ ಕಾಯದೆ ನಂಬರು ಒತ್ತಿದೆ.

ನನ್ನ ಫೋನಿನ ಒಂದು ಗೆರೆ ಮಾತಿಗೆ ಸಾಕಾಯಿತು, ಇಂಜಿನಿಯರ್ ಎರಡನೆಯ ರಿಂಗಿಗೇ ಎತ್ತಿಕೊಂಡರು. ಏಳನೆಯ ಕಂಡಿಯಲ್ಲಿ ರಸ್ತೆ ನಿಲ್ಲಿಸಿ ಎಂದೆ. ರಸ್ತೆಯಲ್ಲಿ ಪ್ರಾಣಿ ಕಾಣುತ್ತಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೇಕೆ ಎಂದರು. ಕರು ಒಂದು ಬದಿಯಲ್ಲಿದೆ, ತಾಯಿ ಇನ್ನೊಂದು ಬದಿಯಲ್ಲಿದೆ ಎಂದೆ. ನನ್ನ ಇಂಗ್ಲಿಷ್ ತೊದಲುತ್ತಿತ್ತು. ನಾನು ನಿಯಮದ ಮಾತು ಬರುತ್ತದೆಂದು ಕಾದೆ.

“ಎಷ್ಟು ಹೊತ್ತಾಯಿತು?” ಎಂದರು.

“ಹದಿನೇಳು ನಿಮಿಷ.”

“ಹಿಮ ಗುಡಿಸುವ ಲಾರಿ ಹತ್ತಿರದಲ್ಲೇ ಇದೆ. ಕಳಿಸುತ್ತೇನೆ. ಫೋನ್ ಇಡಬೇಡಿ.”

ಆ ಲಾರಿ ಬರಲು ಏಳು ನಿಮಿಷ ಬೇಕಾಯಿತು. ನನ್ನ ಜೀವನದಲ್ಲಿ ಅಷ್ಟು ಉದ್ದದ ಏಳು ನಿಮಿಷ ಇನ್ನೊಂದಿಲ್ಲ. ಎರಡು ಕಾರು, ಒಂದು ಮರದ ದಿಮ್ಮಿಯ ಲಾರಿ ಹಾದುಹೋದವು. ಕಿಟಕಿಯಲ್ಲಿ ಡ್ರಾಫ್ಟ್ಸ್‌ಮನ್ ಕೈ ಬದಲಾಯಿಸದೆ ಫೋನ್ ಚಾಚಿ ನಿಂತೇ ಇದ್ದರು. ಆಮೇಲೆ ಹಳದಿ ದೀಪ ಸುತ್ತಿಸುತ್ತ, ಮುಂದೆ ದೊಡ್ಡ ಕಬ್ಬಿಣದ ಹಲಗೆ ಹೊತ್ತ ಲಾರಿ ಬಂದು ರಸ್ತೆಗೆ ಅಡ್ಡ ನಿಂತಿತು. ಇನ್ನೊಂದು ದಿಕ್ಕಿನಿಂದ ಬಂದ ಒಂದು ಬಸ್ಸು ಆ ದೀಪ ನೋಡಿ ದೂರದಲ್ಲೇ ನಿಂತಿತು.

ಒಂದು ನಿಮಿಷವೂ ಆಗಿರಲಿಲ್ಲ. ತಾಯಿ ಬಂತು.

ಕಾಡಿನಿಂದ ನಡೆದು ಬರಲಿಲ್ಲ, ನುಗ್ಗಿ ಬಂತು. ಎರಡು ಸೆಕೆಂಡಿಗೊಂದು ಚಿತ್ರ: ಒಂದರಲ್ಲಿ ಮರಗಳ ನಡುವೆ ಕಪ್ಪು, ಮುಂದಿನದರಲ್ಲಿ ರಸ್ತೆಯ ನಡುವೆ. ಅಲ್ಲಿ ನಿಂತಿತು. ಲಾರಿ ಮತ್ತು ಕರುವಿನ ನಡುವೆ. ಕಿವಿ ಹಿಂದಕ್ಕೆ ಒತ್ತಿಕೊಂಡಿತ್ತು, ಬೆನ್ನಿನ ಉದ್ದ ಕೂದಲು ನೆಟ್ಟಗೆ ನಿಂತಿತ್ತು. ಅದರರ್ಥ ನನಗೆ ಗೊತ್ತಿತ್ತು: ಇನ್ನು ಮೇಲೆರಗುತ್ತದೆ. ಚಾಲಕ ಇಳಿಯಬಾರದು ಎಂದು ಫೋನಿನಲ್ಲಿ ಕೂಗಿದೆ. ಮರುಚಿತ್ರದಲ್ಲಿ ಅದರ ಮುಂಗಾಲು ಕಬ್ಬಿಣದ ಹಲಗೆಯ ಮೇಲಿತ್ತು. ಆಮೇಲಿನದರಲ್ಲಿ ಇನ್ನೂ ಮೇಲೆ, ದೀಪದ ಗಾಜಿನ ಮೇಲೆ. ಒಂದು ಹಳದಿ ದೀಪ ಆರಿತು. ಚಾಲಕನ ಬಾಗಿಲ ಗಾಜಿನವರೆಗೆ ಅದರ ತಲೆ ಎಟುಕಿತ್ತು.

“ಅಯ್ಯೋ ತಾಯಿ,” ಎಂದರು ಓನರ್. ಮೂಸ್‌ಗೆ ಹೇಳಿದರೋ ದೇವರಿಗೋ ತಿಳಿಯಲಿಲ್ಲ.

ಹಿಮದಿಂದ ಕರು ಎದ್ದಿತು. ತಾಯಿ ತಕ್ಷಣ ಲಾರಿ ಬಿಟ್ಟು ಅದರ ಕಡೆ ಹೋಯಿತು. ಕರುವಿನ ಮೈಮೇಲೆ ಮೂಗಾಡಿಸಿತು. ಅದನ್ನು ರಸ್ತೆ ದಾಟಿಸುತ್ತದೆಂದು ನಾವೆಲ್ಲ ಕಾದೆವು. ದಾಟಿಸಲಿಲ್ಲ. ಎರಡೂ ತಾವು ಮೊದಲು ಬಂದಿದ್ದ ಕಾಡಿನ ಕಡೆಗೇ ತಿರುಗಿ ಹೋದವು. ಚಿತ್ರ ಖಾಲಿಯಾಯಿತು.

ವರದಿಯನ್ನು ಅಂದೇ ನಾನೇ ಬರೆದೆ. ಖಾಲಿ ಚಿತ್ರಕ್ಕೆ ಎಷ್ಟು ಸಲ ‘ಹೌದು’ ಒತ್ತಿದೆ, ತುರ್ತು ನಂಬರನ್ನು ಯಾವಾಗ ಬಳಸಿದೆ, ಎಲ್ಲ ಇದ್ದದ್ದು ಇದ್ದ ಹಾಗೆ. ತಪ್ಪುಗಳು ತಂಡದ ಹೆಸರಿಗೆ ದಾಖಲಾದವು, ಯಾರೂ ಅಳಿಸಲಿಲ್ಲ. ಆದರೆ ಎರಡು ವಾರದ ಮೇಲೆ ನಿಯಮಕ್ಕೊಂದು ಸಾಲು ಸೇರಿತು: ಕರು ಕಂಡ ಕಂಡಿಯಲ್ಲಿ ತಾಯಿ, ಕರು ಎರಡೂ ಒಂದೇ ಬದಿಗೆ ಸೇರುವ ತನಕ ಫಲಕ ಆರಿಸಬಾರದು, ಕಾಲು ಗಂಟೆ ಮೀರಿದರೆ ರಸ್ತೆಗೆ ಲಾರಿ ಕಳಿಸಬೇಕು.

ಆ ಚಳಿಗಾಲ ಮುಗಿಯುವ ತನಕ ನನ್ನ ಹೆದರಿಕೆ ಕಡಿಮೆಯಾಗಲಿಲ್ಲ. ಅದು ಕಡಿಮೆಯಾಗಲಿ ಎಂದು ಕಾಯುವುದನ್ನು ಮಾತ್ರ ಬಿಟ್ಟೆ.

ಫೆಬ್ರವರಿಯ ಕೊನೆಗೆ ಒಂದು ದಿನ ಇಂಜಿನಿಯರ್ ಫೋನ್ ಮಾಡಿ, ಆ ಲಾರಿಯ ಚಾಲಕ ನಮ್ಮೊಂದಿಗೆ ಮಾತಾಡಬೇಕಂತೆ ಎಂದರು. ಸ್ಪೀಕರ್ ಹಾಕಿದೆ. ವಯಸ್ಸಾದವನ ದನಿ, ನನಗಿಂತಲೂ ತೊದಲುವ ಇಂಗ್ಲಿಷ್. ಇಪ್ಪತ್ತೆರಡು ವರ್ಷದಿಂದ ಆ ರಸ್ತೆ ಗುಡಿಸುತ್ತಿದ್ದಾನಂತೆ. ಅಷ್ಟು ಹೆದರಿದ್ದು ಅದೇ ಮೊದಲಂತೆ. ಅದರ ಉಸಿರು ತನ್ನ ಗಾಜಿನ ಮೇಲೆ ಹೆಪ್ಪುಗಟ್ಟಿತ್ತು ಎಂದ. ಆಮೇಲೆ, ನಿಮಗೆ ಅದರ ದನಿ ಕೇಳಿಸಿತೇ ಎಂದು ಕೇಳಿದ.

ಇಲ್ಲ, ನಮ್ಮ ಕ್ಯಾಮೆರಾಗಳಲ್ಲಿ ಶಬ್ದವಿಲ್ಲ ಎಂದೆ.

ಹಾಗಾದರೆ ಕೇಳಿ, ಕರುವಿನ ಹತ್ತಿರ ಹೋದ ಮೇಲೆ ಅದು ಹೀಗೆ ಮಾಡಿತು ಎಂದು, ಗಂಟಲಿನ ಆಳದಿಂದ ದನಿ ತೆಗೆದ. ತುಂಬ ಮೆಲ್ಲಗೆ, ಬಾಯಿ ಮುಚ್ಚಿಕೊಂಡು, ಎರಡೇ ಸಲ. ನಿದ್ದೆಗೆಟ್ಟ ಮಗುವಿಗೆ ಅರೆನಿದ್ದೆಯಲ್ಲೇ ತಾಯಿ ಓಗೊಟ್ಟ ಹಾಗಿತ್ತು.

ಮೂಲೆಯ ಮೇಜಿನಿಂದ ಡ್ರಾಫ್ಟ್ಸ್‌ಮನ್ ಎದ್ದು ಬಂದು ಫೋನಿನ ಪಕ್ಕ ನಿಂತರು.

“ಮೇಡಂ,” ಎಂದರು, “ಇನ್ನೊಂದ್ಸಲ ಮಾಡಕ್ಕೆ ಹೇಳಿ.”